ಡ್ರೈವರ್ ಮರೆಯದ ಅಜ್ಜಿ

ನೆನಪು ಮಿದುಳಲ್ಲಿ ಹೇಗೆ ಉಳಿಯುತ್ತದೆ ಅನ್ನುವುದೇ ನನ್ನ ಸಂಶೋಧನೆ. ದೆವ್ವಗಿವ್ವ ನಂಬುವವಳಲ್ಲ, ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ನಿವೃತ್ತ ಬಸ್ ಡ್ರೈವರೊಬ್ಬರು ಪರೀಕ್ಷೆಗೆ ಬರುತ್ತಿದ್ದರು. ಮಿದುಳು ಜ್ವರ ಬಂದುಹೋದ ಮೇಲೆ ಹೊಸದೇನೂ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ನೋಡಿದ್ದರೂ ಪ್ರತಿ ಸಲ ನನ್ನನ್ನು, "ನೀವು ಯಾರಮ್ಮ?" ಎಂದೇ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಪಕ್ಕದ ಖಾಲಿ ಕುರ್ಚಿಯತ್ತ ನೋಡಿ, "ಕಾಲುನೋವು ಹೇಗಿದೆ ಅಜ್ಜಿ?" ಎಂದರು. ನಕ್ಕು ಪರೀಕ್ಷೆ ಮುಂದುವರಿಸಿದೆ.

ಮರುವಾರವೂ ನನ್ನ ಗುರುತು ಹತ್ತಲಿಲ್ಲ. ಕುರ್ಚಿಗೆ ಮಾತ್ರ, "ಹೋದ ಸಲಕ್ಕಿಂತ ಸೊರಗಿದ್ದೀರಿ" ಎಂದರು. ಕುರ್ಚಿ ಮುಟ್ಟಿದೆ. ಸೆಕೆಯಲ್ಲೂ ಅದೊಂದು ತಣ್ಣಗೆ ಕೊರೆಯುತ್ತಿತ್ತು.

"ಅವರು ಯಾರ ಜೊತೆ ಬರ್ತಾರೆ?"

"ನಿಮ್ಮ ಜೊತೇನೇ ಅಲ್ವಾ? ಭುಜ ಹಿಡ್ಕೊಂಡು."

ಮುಂದಿನ ಸಲ ಅವರು ಆ ಕಡೆ ನೋಡಲೇ ಇಲ್ಲ. ಪೀಡೆ ತೊಲಗಿತು ಅಂದುಕೊಂಡೆ. ಮಧ್ಯಾಹ್ನ ಅವರ ಹೆಂಡತಿಯ ಫೋನ್ ಬಂತು.

"ಡಾಕ್ಟ್ರೇ, ನಿಮ್ಮಜ್ಜಿ ನಮ್ಮ ಹಿಂದೇನೇ ಬಂದುಬಿಟ್ಟಿದ್ದಾರೆ. ಕರ್ಕೊಂಡು ಹೋಗ್ತೀರಾ?"

ನನ್ನ ಅಜ್ಜಿಯರಿಬ್ಬರೂ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಆದರೂ ಕಾರು ಹತ್ತಿ ಹೋದೆ. ಅವರ ಸೋಫಾ ಖಾಲಿಯಿತ್ತು.

"ಈಗ ತಾನೇ ಹೊರಗೆ ಹೋದ್ರಲ್ಲ," ಎಂದರು ಆಕೆ. "ನಿಮ್ಮ ಕಾರಲ್ಲಿ ಕೂತಿರ್ತಾರಂತೆ."

ನಾನು ಅವರ ಹಿತ್ತಲ ಬಾಗಿಲಿಂದ ಹೊರಬಿದ್ದು ನನ್ನ ಮನೆಗೆ ನಡೆದೇ ಬಂದೆ. ಕಾರು ಇವತ್ತಿಗೂ ಅಲ್ಲೇ ನಿಂತಿದೆ.