ಚೀಲದಲ್ಲಿ ನಿಂತ ಕೈ

ಚಿತ್ರದ ಮೇಲಿನ ಪರದೆ ಸರಿದಾಗ ಸುಂಟಿಕೊಪ್ಪದ ವಾಚನಾಲಯದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಗಿನ ಕೊಡಗು ರಾಜ್ಯದಲ್ಲೆಲ್ಲ ಕತೆಗಾರ್ತಿಯೆಂದು ಹೆಸರಾದ ಮುತ್ತಿ ತನ್ನದೇ ಚಿತ್ರದ ಮುಂದೆ ನಿಂತಿದ್ದಳು. ಮುಖ ಬಿಸಿಯಾಯಿತು.

ಡ್ರಾಯಿಂಗ್ ಮೇಷ್ಟ್ರು ಪದ್ಮಯ್ಯನ ಮುಂದೆ ಅವಳು ಕೂತದ್ದು ಕುರ್ಚಿಯಲ್ಲಿ, ಇದ್ದೊಂದು ರೇಷ್ಮೆ ಸೀರೆಯುಟ್ಟು. ಚಿತ್ರದಲ್ಲಿ ಮಾಸಿದ ಸೀರೆ, ಸೊಂಟಕ್ಕೆ ಕಾಫಿ ಹಣ್ಣು ಕೀಳುವ ಚೀಲ. ಬಲಗೈ ಅದರೊಳಗೆ. ಬಿಗಿದ ತುಟಿ. ಯಾರನ್ನೋ ದುರುಗುಟ್ಟುವ ಕಣ್ಣು.

ತೋಟದ ಲೈನ್ ಮನೆಯ ಕೂಲಿಯವಳು... ಈ ಮೇಷ್ಟ್ರಿಗೂ ನಾನು ಅಷ್ಟೇನಾ?

ವಾಚನಾಲಯದ ಅಧ್ಯಕ್ಷ ಸಾಂತಪ್ಪ ಕೆಮ್ಮಿದರು. "ಏನ್ ಮೇಷ್ಟ್ರೇ ಇದು? ನಾವು ಸಾಹಿತಿ ಚಿತ್ರ ಕೇಳಿದ್ರೆ ನೀವು ಕಾಫಿ ಪಿಕ್ಕಿಂಗಿಗೆ ಕಳಿಸಿದೀರಲ್ಲ. ಕೈಗೊಂದು ಪೆನ್ನು ಬರೀರಿ, ಆಮೇಲೆ ಗೋಡೆಗೆ ಹಾಕಣ."

ಯಾರೋ ನಕ್ಕರು. ಮುತ್ತಿ ಜಗಲಿಗೆ ನಡೆದಳು. ಪದ್ಮಯ್ಯ ಹಿಂದೆಯೇ ಬಂದ.

"ಕುರ್ಚೀಲಿ ಕೂತವಳು ಎಲ್ಲಿ ಹೋದ್ಲು ಮೇಷ್ಟ್ರೇ?"

"ಅವರು ಯಾರೋ ಬೇರೆ. ನಾನು ನಿಮ್ಮನ್ನ ಮೊದ್ಲು ನೋಡಿದ್ದು ತೋಟದಲ್ಲಿ. ಎಲ್ಲರ ಕೈ ಗಿಡಕ್ಕೂ ಚೀಲಕ್ಕೂ ಓಡ್ತಿತ್ತು. ನಿಮ್ಮದು ಚೀಲದಲ್ಲೇ ನಿಂತುಬಿಡ್ತು. ಮೇಸ್ತ್ರಿ ಬೈದ. ನೀವು ಹಿಂಗೇ ನೋಡಿದ್ರಿ... ಕೈ ಮಾತ್ರ ತೆಗೀಲಿಲ್ಲ."

ಮುತ್ತಿ ಅವನತ್ತ ತಿರುಗಿದಳು. ಸಾಲೊಂದು ಹೊಳೆದಾಗ ಕೈ ಆಡಿಸಿದರೆ ಅದು ಹಾರಿಹೋಗುತ್ತಿತ್ತು. ಅವಳ ಕತೆಗಳೆಲ್ಲ ಹುಟ್ಟಿದ್ದು ಹಾಗೆಯೇ, ಬೈಗುಳದ ನಡುವೆ. ಅದನ್ನವಳು ಯಾರಿಗೂ ಹೇಳಿರಲಿಲ್ಲ.

"ಸೋಮಾರಿ ಅನ್ನಿಸ್ಲಿಲ್ವಾ?"

"ಬರೀತಿದಾರೆ ಅನ್ನಿಸ್ತು."

ಅವಳು ಸರ್ರನೆ ಒಳಗೆ ಬಂದಳು.

"ಸಾಂತಪ್ಪನೋರೇ, ಪೆನ್ನು ಬೇಡ. ಹಾಕೋದಾದ್ರೆ ಇದನ್ನೇ ಹಾಕಿ."

"ಚೀಲದ ಚಿತ್ರ ಇಲ್ಲಿ ಹಾಕಕ್ಕಾಗಲ್ಲಮ್ಮ."

"ಚೀಲ ಬೇಡ ಅಂದ್ರೆ ನಾನೂ ಬೇಡ."

ಚೌಕಟ್ಟಿನ ಒಂದು ತುದಿ ಹಿಡಿದಳು. ಇನ್ನೊಂದಕ್ಕೆ ಪದ್ಮಯ್ಯ ಕೈ ಕೊಟ್ಟ. ತುಂಬಿದ ಸಭೆಯ ನಡುವೆಯೇ ಇಬ್ಬರೂ ಚಿತ್ರ ಹೊತ್ತು ಹೊರನಡೆದರು.

ಪೇಟೆ ದಾಟಿದರು. ಆಮೇಲೆ ಅವಳೇ ಅಂದಳು. "ನಮ್ಮ ಲೈನ್ ಮನೇಲಿ ಇದಕ್ಕೆ ಗೋಡೆ ಸಾಲಲ್ಲ."

"ನಮ್ಮನೇಲಿ ಸಾಲುತ್ತೆ."

"ಚಿತ್ರ ಅಲ್ಲಿ, ನಾನು ಇಲ್ಲಿ?"

ಪದ್ಮಯ್ಯ ನಿಂತ. "ನೀವೂ ಬನ್ನಿ ಅಂತ ಕೇಳಕ್ಕೆ... ಎಷ್ಟೋ ದಿನದಿಂದ ಧೈರ್ಯ ಸಾಲ್ತಿಲ್ಲ."

"ಮೇಷ್ಟ್ರು ಲೈನಿನವಳನ್ನ ತಂದ್ರು ಅಂತ ಜನ ಆಡ್ಕೋತಾರೆ."

"ಆಡ್ಕೊಳ್ಳಲಿ."

"ನಾನು ಕೇಳ್ಕೊಂಡು ಸುಮ್ನಿರೋಳಲ್ಲ."

"ಗೊತ್ತು. ಅದಕ್ಕೇ ಕೇಳ್ತಿರೋದು."

ಅವಳಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರೆ ನಡೀರಿ, ನಮ್ಮವ್ವನ್ನ ಕೇಳಿ. ನನ್ನನ್ನೇನೂ ಕೇಳೋದು ಉಳಿದಿಲ್ಲ."