ತೆರೆತೆರೆಯಾದ ಅಂಚು

"ಒಂದು ಶಬ್ದ ಹಿಡಕೊಂಡು ಮೂರು ದಿನ ಆತ್ರಿ ಮಾಸ್ತರ! ಅಲ್ಲಿ ಜೈನಬಿ ಒಲಿ ಹಚ್ಚಿಲ್ಲ."

ಮಾಸ್ತರರ ಸಹಾಯಕ ಹುಸೇನಪೀರನ ಸಹನೆ ಮುಗಿದಿತ್ತು. ೧೯೭೮ರ ಶ್ರಾವಣವದು. ಇಲಕಲ್ಲಿನ ನೇಕಾರ ಗುರಲಿಂಗಪ್ಪ ಮಗಳ ಮದುವೆಗೆಂದು ನೇಯ್ದಿದ್ದ ಸೀರೆ ಕಳುವಾಗಿತ್ತು. ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುತ್ತಿದ್ದ ಜೈನಬಿಯನ್ನು ಅವನು ಕಳ್ಳಿಯೆಂದು ಕೆಲಸದಿಂದ ಬಿಡಿಸಿದ್ದ. ಊರಿನ ಬೇರಾವ ಮಗ್ಗದವರೂ ಅವಳನ್ನು ಕರೆಯುತ್ತಿರಲಿಲ್ಲ. ಹುನಗುಂದದಲ್ಲಿ ನೆಲೆಸಿದ್ದ ನಿವೃತ್ತ ಕನ್ನಡ ಮಾಸ್ತರ, ಪತ್ತೇದಾರ ಅಮಾತೆಪ್ಪನವರು ಮಾತ್ರ ಗುರಲಿಂಗಪ್ಪನ ಅಂಗಡಿಯ ಗುಮಾಸ್ತ ಶಂಕ್ರಪ್ಪನ ಹೇಳಿಕೆಯನ್ನೇ ತಿರುತಿರುಗಿ ಓದುತ್ತಿದ್ದರು: 'ಕಳುವಾದ ದಿನ ಜೈನಬಿಯ ಕಂಕುಳಿಂದ ಆ ಸೀರೆಯ ತೆರೆತೆರೆಯಾದ ಅಂಚು ಇಳಿಬಿದ್ದುದನ್ನು ಕಂಡೆ.'

ಮರುದಿನ ಎಲ್ಲರೂ ಗುರಲಿಂಗಪ್ಪನ ಪಡಸಾಲೆಯಲ್ಲಿ ಕೂಡಿದರು.

"ತೆರೆತೆರೆ ಅಂದ್ರ ಹೆಂಗಪಾ ಶಂಕ್ರಪ್ಪ?" ಎಂದು ಅಮಾತೆಪ್ಪನವರು ಕೇಳಿದರು.

ಶಂಕ್ರಪ್ಪ ಗಾಳಿಯಲ್ಲಿ ಬೆರಳನ್ನು ಏರಿಸಿ ಇಳಿಸಿದ. "ಹಿಂಗ್ರಿ. ಕೆರಿ ನೀರಿನಂಗ."

"ಗುರಲಿಂಗಪ್ಪ, ಮಗ್ಗದಿಂದ ಇಳಿಸಿದಾಗ ಅಂಚು ಹಂಗಿತ್ತೇನು?"

"ಏ, ಬಿಡ್ರಿ! ಗೆರಿ ಎಳದಂಗ ನೆಟ್ಟಗಿತ್ತು. ಓದಿದಾಂವ, ಚಂದ ಕಾಣಲಿ ಅಂತ ಬರದಾನ ಅಂದ್ಕೊಂಡೆ."

ಅಮಾತೆಪ್ಪನವರು ಎರಡು ತುಂಡು ಬಟ್ಟೆ ಹಾಸಿದರು. ಎರಡೂ ಒಂದೇ ಮಗ್ಗದವು. ಒಂದನ್ನು ಹಿಂದಿನ ದಿನ ನೀರಿನಲ್ಲಿ ಅದ್ದಿ ಒಣಗಿಸಿದ್ದರು. ಅದರ ಅಂಚು ಸುಕ್ಕಿ ಅಲೆಯಲೆಯಾಗಿ ಎದ್ದಿತ್ತು.

"ಹತ್ತಿಯ ಒಡಲು ನೀರು ತಾಗಿದರೆ ಕುಗ್ಗುತ್ತದೆ. ರೇಷ್ಮೆಯ ಅಂಚು ಕುಗ್ಗುವುದಿಲ್ಲ. ಹೆಚ್ಚಾದ ಉದ್ದವೇ ತೆರೆಯಾಗಿ ಏಳುತ್ತದೆ. ಕಳುವಾದ ದಿನ ಸೀರೆಗೆ ನೀರು ತಾಗಿರಲಿಲ್ಲ, ಮಳೆ ಬಂದದ್ದು ಎರಡು ದಿನ ಬಿಟ್ಟು, ಹೇಳಿಕೆ ಬರೆದದ್ದು ಅದಕ್ಕೂ ಆಮೇಲೆ. ಅಂಗಡಿಯಲ್ಲಿ ಶಂಕ್ರಪ್ಪ ಕಂಡದ್ದೆಲ್ಲ ಮಡಿಸಿಟ್ಟ ಸೀರೆ. ಬಿಚ್ಚಿದ ಸೀರೆ ಕಂಡದ್ದು ಒಂದೇ ಸಲ, ತೊಯ್ದ ಮೇಲೆ. ಅದರ ರೂಪವೇ ಅದೆಂದು ನಂಬಿ, ಕಂಡದ್ದನ್ನು ಕಂಡಂತೆ ಬರೆದ. ತಪ್ಪಿದ್ದು ದಿನ, ಸುಳ್ಳು ಜೈನಬಿಯ ಕಂಕುಳು. ಕಳುವಾದ ಸೀರೆ ತೊಯ್ದದ್ದನ್ನು ಕಂಡವನು ಅದನ್ನು ಬಚ್ಚಿಟ್ಟವನೇ."

ಶಂಕ್ರಪ್ಪನ ತಲೆ ಬಾಗಿತು. "ಮೇವಿನ ಬಣವಿಯಾಗ ಇಟ್ಟಿದ್ದೆರಿ. ಮಳಿಗೆ ತೊಯ್ತು. ಮಾರಾಕ ಬರಲಿಲ್ಲ, ತಿರುಗಿ ಇಡಾಕೂ ಬರಲಿಲ್ಲ."

ಗುರಲಿಂಗಪ್ಪ ಜೈನಬಿಯತ್ತ ತಿರುಗಿ, "ನಾಳಿಂದ ಕೆಲಸಕ್ಕ ಬಾರವಾ" ಎಂದ. ಇಷ್ಟೇನಾ ಎಂದು ಹುಸೇನಪೀರನಿಗೆ ಮೈಯೆಲ್ಲ ಉರಿಯಿತು.

ಜೈನಬಿ ಏಳಲಿಲ್ಲ. "ಬರ್ತೇನ್ರಿ ಅಪ್ಪಾರ. ಕಳ್ಳಿ ಅಂದಾಗ ಓಣಿಗೆಲ್ಲ ಕೇಳಿತ್ತು. ಅಲ್ಲ ಅನ್ನೂದೂ ಕೇಳಲಿ."

"ಜೈನಬಿ ಕದ್ದಿಲ್ಲ" ಎಂದು ಗುರಲಿಂಗಪ್ಪ ನೆಲ ನೋಡುತ್ತ ಗೊಣಗಿದ.

"ಹೊರಗ ನಿಂತು ಅನ್ರಿ" ಎಂದಳು ಅವಳು, ಎದ್ದು ಹೋಗಿ ಬಾಗಿಲು ತೆರೆದು ಹಿಡಿದು.