ಎರಡು ಲಕೋಟೆ, ಒಂದೇ ಬಾಯಿ

ಎಂಟನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ಕೌಟುಂಬಿಕ ನ್ಯಾಯಾಲಯದ ಶಿರಸ್ತೇದಾರರು ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ಗಡಿಯಾರ ರಿಪೇರಿಯವನೊಬ್ಬನಿಗೂ ಅವನನ್ನು ಬಿಟ್ಟುಹೋದ ಹೆಂಡತಿಗೂ ಎಂಟು ವರ್ಷದ ಮಗಳಿಗಾಗಿ ವ್ಯಾಜ್ಯ ನಡೆದಿತ್ತು. ಮಗು ಅಪ್ಪನ ಬಳಿ ಇತ್ತು. ಅದು ಅವನಿಗೆ ಹುಟ್ಟಿದ್ದೇ ಅಲ್ಲ, ನನಗೆ ಕೊಡಿಸಿ ಎಂದು ತಾಯಿ ಅರ್ಜಿ ಹಾಕಿದ್ದಳು. ಡಿಎನ್‌ಎ ಪರೀಕ್ಷೆಗೆ ಆದೇಶವಾಗಿ, ಆಸ್ಪತ್ರೆಯಲ್ಲಿ ಅಪ್ಪ-ಮಗಳ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಬೇರೆ ಬೇರೆ ಲಕೋಟೆಯಲ್ಲಿ ಮೊಹರು ಮಾಡಿ ಕಳಿಸಿದ್ದರು.

"ಪ್ರಯೋಗಾಲಯದವರು ಏನಂತಾರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಅಪ್ಪನ ಲಕೋಟೇಲಿರೋದು ಗಂಡಸಿನ ಎಂಜಲೇ ಅಲ್ವಂತೆ ಸಾರ್. ಎರಡೂ ಆ ಹುಡುಗೀದೇ."

ದಫೇದಾರ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಪ್ರಯೋಗಾಲಯದವರು ತಮಾಷೆ ಮಾಡುವ ಜಾತಿಯಲ್ಲವಾದ್ದರಿಂದ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು.

ಮೊದಲ ಅನುಮಾನ ಆಸ್ಪತ್ರೆಯ ನರ್ಸ್ ಮೇಲೆ.

"ಮಗೂದು ನಾನೇ ತೆಗೆದೆ ಸಾರ್. ಅಪ್ಪ, ವಾಕರಿಕೆ ಬರುತ್ತೆ, ನಾನೇ ಒರೆಸ್ಕೋತೀನಿ ಅಂದ್ರು. ಕಡ್ಡಿ ಕೊಟ್ಟೆ."

"ಒರೆಸ್ಕೊಂಡಿದ್ದು ನೋಡಿದ್ರಾ?"

"ಮಗೂನ ಲಕೋಟೆಗೆ ಅರಗು ಹಾಕ್ತಿದ್ದೆ. ತಿರುಗೋ ಹೊತ್ತಿಗೆ ಅವರೇ ಕಡ್ಡೀನ ತಮ್ಮ ಲಕೋಟೆಗೆ ಹಾಕಿದ್ರು."

"ಅಂದ್ರೆ ನೋಡಿಲ್ಲ."

ನರ್ಸ್ ಕಣ್ಣೊರೆಸಿಕೊಂಡಳು. ಆಸ್ಪತ್ರೆಯ ಕಡ್ಡಿಗಳೆಲ್ಲ ಪ್ಲಾಸ್ಟಿಕ್ಕಿನವು. ಪಂಚನಾಮೆಯಲ್ಲಿ ಅದು ದಾಖಲಾಯಿತು. ಪ್ರಯೋಗಾಲಯದಿಂದ ಬಂದ ಫೋಟೋದಲ್ಲಿ ಮಗುವಿನ ಕಡ್ಡಿಯೂ ಪ್ಲಾಸ್ಟಿಕ್ಕಿನದೇ. ಅಪ್ಪನದು ಮಾತ್ರ ಮರದ್ದು, ತುದಿಗೆ ಕೈಯಲ್ಲಿ ಬಿಗಿಯಾಗಿ ಸುತ್ತಿದ ಹತ್ತಿ.

ಮಧ್ಯಾಹ್ನ ಪಂಚರೊಂದಿಗೆ ಗಡಿಯಾರದಂಗಡಿಗೆ ಹೋದಾಗ ಅಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೆಲಸದಲ್ಲಿದ್ದ. ಮೇಜಿನ ಮೇಲಿನ ಲೋಟದ ತುಂಬ ಅಂಥವೇ ಕಡ್ಡಿಗಳು.

"ಇವೇನು?"

"ಗಡಿಯಾರದೊಳಗಿನ ಕೊಳೆ ತೆಗೆಯೋಕೆ. ನಾನೇ ಹತ್ತಿ ಸುತ್ಕೋತೀನಿ."

ಇನ್‌ಸ್ಪೆಕ್ಟರ್ ಫೋಟೋ ಮುಂದಿಟ್ಟರು. ಅವನು ಮಸೂರ ತೆಗೆದಿಟ್ಟ.

"ಆಸ್ಪತ್ರೆಯವರು ಕೊಟ್ಟಿದ್ದೆಲ್ಲಿ?"

"ಜೇಬಿಗೆ ಹಾಕ್ಕೊಂಡೆ. ಆಮೇಲೆ ಸುಟ್ಟೆ."

"ಮಗೂದನ್ನೇ ಯಾಕೆ ಕೊಟ್ರಿ?"

"ಎರಡೂ ಒಂದೇ ಥರ ಇದ್ರೆ ಅಪ್ಪ ಅಂತ ಬರುತ್ತೆ ಅಂದ್ಕೊಂಡೆ ಸಾರ್."

ದಫೇದಾರ ನಗಲು ಹೋದವನು ಬಾಯಿ ಮುಚ್ಚಿಕೊಂಡ.

"ನಿಮ್ಮ ಮಗಳಲ್ಲ ಅಂತ ಗೊತ್ತಿತ್ತಾ?"

"ಗೊತ್ತಿಲ್ಲ. ಅವಳಮ್ಮ ಅಲ್ಲ ಅಂತಾಳೆ, ಅವಳಿಗೆ ತಾನೆ ಗೊತ್ತಿರೋದು? ನನ್ನದನ್ನ ಕೊಟ್ಟು, ಅದೂ ಅಲ್ಲ ಅಂದ್ಬಿಟ್ರೆ ಏನ್ ಮಾಡ್ಲಿ?"

ಮೂರೂವರೆಗೆ ದಸ್ತಗಿರಿಯಾಯಿತು. ಶಾಲೆ ಬಿಟ್ಟ ಹುಡುಗಿಯನ್ನು ಮಹಿಳಾ ಪೇದೆ ಕರೆತಂದಳು. ತಾಯಿಗೆ ಹೇಳಿಕಳಿಸಿದರು.

ಅಷ್ಟರಲ್ಲಿ ಸರ್ಕಾರಿ ವಕೀಲರ ಫೋನು. "ಎಂಥ ದಡ್ಡ ರೀ ಅವನು! ಮದುವೆಯಾಗಿ ಒಟ್ಟಿಗಿದ್ದಾಗ ಹುಟ್ಟಿದ ಮಗು, ಕಾನೂನಿನ ಪ್ರಕಾರ ಅವನದೇ. ಪರೀಕ್ಷೆ ಏನೇ ಹೇಳಿದ್ರೂ, ಮಗು ಎಲ್ಲಿ ಚೆನ್ನಾಗಿರುತ್ತೆ ಅಂತಲೇ ನ್ಯಾಯಾಧೀಶರು ನೋಡ್ತಿದ್ದಿದ್ದು. ಅಪ್ಪನ ಜೊತೇಲೇ ಇರ್ತೀನಿ ಅಂತ ಹುಡುಗಿ ಹೇಳಿಯೂ ಆಗಿತ್ತು. ಈಗ ಜೈಲಿಗೆ ಹೋಗೋನ ಕೈಗೆ ಯಾರು ಕೊಡ್ತಾರೆ?"

ಇನ್‌ಸ್ಪೆಕ್ಟರ್ ಫೋನಿಟ್ಟು ಹುಡುಗಿಯನ್ನು ಒಳಗೆ ಕರೆದರು. ಅವಳ ಹೇಳಿಕೆ ಪಡೆಯಲೇಬೇಕಿತ್ತು.

"ಆಸ್ಪತ್ರೆಗೆ ಹೋದ ದಿನ ಬೆಳಿಗ್ಗೆ ಮನೇಲಿ ಅಪ್ಪ ಏನು ಮಾಡಿದ್ರಮ್ಮಾ?"

"ಬಾಯಿ ತೆಗಿ, ಹಲ್ಲು ಹುಳುಕಾಗಿದೆಯಾ ನೋಡ್ತೀನಿ ಅಂದ್ರು. ಕಡ್ಡೀಲಿ ಒರೆಸಿದ್ರು. ಆಮೇಲೆ ಏನೂ ಹೇಳ್ಲೇ ಇಲ್ಲ." ಅವಳು ಹತ್ತಿರ ಬಂದು ಬಾಯಿ ಅಗಲಿಸಿದಳು. "ಹುಳುಕಾಗಿದೆಯಾ ನೋಡಿ ಅಂಕಲ್."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. "ಇಲ್ಲ ಮಗು. ಚೆನ್ನಾಗಿವೆ."

"ಅಪ್ಪಂಗೆ ಹೇಳ್ತೀರಾ?"

"ಹೇಳ್ತೀನಿ."

ತಾಯಿ ಬಂದು ಸಹಿ ಹಾಕಿ ಮಗಳನ್ನು ಕರೆದುಕೊಂಡು ಹೋದಳು. ಹುಡುಗಿ ಮೆಟ್ಟಿಲಿನವರೆಗೂ ತಿರುಗಿ ತಿರುಗಿ ನೋಡುತ್ತಿದ್ದಳು.

ಇನ್‌ಸ್ಪೆಕ್ಟರ್ ಲಾಕಪ್ಪಿನ ಬಳಿ ಹೋದರು. ಅವನು ಎದ್ದು ನಿಂತ. ವಕೀಲರು ಹೇಳಿದ್ದನ್ನು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ನಿಮ್ಮ ಮಗಳ ಹಲ್ಲು ಹುಳುಕಾಗಿಲ್ಲ," ಎಂದರು.